ಟ್ರೈಲರಿಗೆ ತಕ್ಕ ಟೈರು ಮತ್ತು ಚಕ್ರ: ಯಜಮಾನರ ಹೊಣೆ

ಕಬ್ಬಿನ ಕಟಾವು ಸಮೀಪಿಸಿದೊಡನೆ ನಮ್ಮ ಗ್ರಾಮಗಳಲ್ಲಿ ಟ್ರ್ಯಾಕ್ಟರುಗಳಿಗೆ ಎಣ್ಣೆ ಬದಲಾಯಿಸುವುದು, ಟ್ರೈಲರಿನ ತಗಡುಗಳಿಗೆ ಬಣ್ಣ ಬಳಿಯುವುದು, ಹಿಂದಿನ ಬಾಗಿಲಿನ ಮೇಲೆ ಮನೆದೇವರ ಹೆಸರನ್ನು ಬರೆಯಿಸುವುದು ಮೊದಲಾದ ಕೆಲಸಗಳು ಸಡಗರದಿಂದ ನಡೆಯುತ್ತವೆ. ಈ ಸಡಗರದ ಮಧ್ಯದಲ್ಲಿ ಯಾರ ಲಕ್ಷ್ಯಕ್ಕೂ ಬಾರದೆ ಉಳಿಯುವ ಭಾಗವೊಂದುಂಟು. ಅದು ಟ್ರೈಲರಿನ ಚಕ್ರ. ಎಂಜಿನ್ನಿಗೆ ಹಣ ಸುರಿಯಲು ಹಿಂಜರಿಯದ ಯಜಮಾನರು ಟ್ರೈಲರಿನ ಟೈರಿನ ಮಾತು ಬಂದಾಗ ಮಾತ್ರ, "ಎಳೆಯುವುದು ಟ್ರ್ಯಾಕ್ಟರಲ್ಲವೆ, ಅದು ಸುಮ್ಮನೆ ಉರುಳಿಕೊಂಡು ಬರತಕ್ಕದ್ದು" ಎಂದು ಹೇಳಿ, ಲಾರಿಯವರು ಕಳಚಿ ಬಿಸುಟ ಹಳೆಯ ಟೈರನ್ನು ಕೊಂಡು ತರುತ್ತಾರೆ. ಉರುಳಿಕೊಂಡು ಬರುವ ವಸ್ತುವೇ ಸಮಸ್ತ ಭಾರವನ್ನೂ ಹೊತ್ತಿರುತ್ತದೆ ಎಂಬುದನ್ನು ಮರೆತುಬಿಡುತ್ತಾರೆ. ಟ್ರೈಲರಿನ ಟೈರನ್ನೂ ಚಕ್ರವನ್ನೂ ಅದು ಹೊರತಕ್ಕ ಭಾರವನ್ನು ತೂಗಿ ನೋಡಿ ಆರಿಸಬೇಕೇ ಹೊರತು, ಅಗ್ಗದ ಬೆಲೆಯನ್ನು ನೋಡಿ ಆರಿಸಬಾರದೆಂಬುದೂ, ಈ ಆಯ್ಕೆಯ ಹೊಣೆ ಚಾಲಕನದಲ್ಲ, ಯಜಮಾನರದೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯವು ನನಗೆ ಪುಸ್ತಕದಿಂದ ಬಂದುದಲ್ಲ. ಎರಡು ವರ್ಷಗಳ ಕೆಳಗೆ ಮಂಡ್ಯ ಜಿಲ್ಲೆಯ ಒಂದು ಗ್ರಾಮಕ್ಕೆ ಕೂಳೆ ಕಬ್ಬಿನ ತಾಕುಗಳನ್ನು ನೋಡುವುದಕ್ಕಾಗಿ ಸರ್ಕೀಟು ಹೋಗಿದ್ದೆನು. ಗದ್ದೆಯ ಬದಿಯಲ್ಲಿ ನಾಲ್ಕು ಚಕ್ರಗಳ ಟ್ರೈಲರೊಂದಕ್ಕೆ ಕಬ್ಬನ್ನು ತುಂಬುತ್ತಿದ್ದರು. ಅದರ ಹಿಂದಿನ ಎಡಚಕ್ರದ ಟೈರಿನ ಪಕ್ಕೆಯಲ್ಲಿ ಉಗುರು ಇಳಿಯುವಷ್ಟು ಆಳವಾದ ಬಿರುಕುಗಳಿದ್ದುದನ್ನು ನಾನು ಕಂಡೆನು. ಅದರ ಯಜಮಾನರು ಊರಿನ ಗಣ್ಯರು. ಆ ದಿನ ನನಗೆ ತಮ್ಮ ಮನೆಯಲ್ಲಿಯೇ ಊಟವನ್ನು ಏರ್ಪಡಿಸಿದ್ದವರು. ನಾನು ಬಂದಿರುವುದು ಬೆಳೆ ನೋಡುವುದಕ್ಕೆ, ಗಾಡಿ ನೋಡುವುದಕ್ಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸುಮ್ಮನಾದೆನು. ಸಾಯಂಕಾಲ ನಾಲೆಯ ಏರಿಯ ಮೇಲೆ ಅದೇ ಟೈರು ಸಿಡಿದು ಟ್ರೈಲರು ಎಡಕ್ಕೆ ಮಗುಚಿತು. ಹೊರೆಯ ಮೇಲೆ ಕುಳಿತಿದ್ದ ಇಬ್ಬರು ಆಳುಗಳಲ್ಲಿ ಒಬ್ಬನು ನೀರಿಗೆ ಬಿದ್ದು ಈಜಿ ದಡ ಸೇರಿದನು. ಇನ್ನೊಬ್ಬನ ಕಾಲು ಹೊರೆಯಡಿ ಸಿಕ್ಕಿತು. ಆಸ್ಪತ್ರೆಯಲ್ಲಿ ಅದನ್ನು ಮೊಣಕಾಲಿನ ಕೆಳಕ್ಕೆ ತೆಗೆಯಬೇಕಾಯಿತು. ಅವನಿಗೆ ಆಗ 23 ವರ್ಷ. ಆ ಟೈರನ್ನು ಕೊಂಡಾಗ ಉಳಿತಾಯವಾಗಿದ್ದ ಹಣವು ಅವನ ಆಸ್ಪತ್ರೆಯ ಮೊದಲನೆಯ ದಿನದ ಖರ್ಚಿಗೂ ಸಾಲಲಿಲ್ಲ. ಬೆಳಿಗ್ಗೆ ನಾನು ಒಂದು ಮಾತು ಆಡಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಅನೇಕ ಸಾರಿ ಯೋಚಿಸಿದ್ದೇನೆ. ಆ ದಿನ ಆಡದೆ ಉಳಿದ ಮಾತನ್ನು ಈ ಪತ್ರಿಕೆಯ ಮೂಲಕವಾದರೂ ಗ್ರಾಮದ ಮುಖಂಡರಿಗೂ ಭೂಮಾಲಿಕರಿಗೂ ಅರಿಕೆ ಮಾಡಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಮರದ ಚಕ್ರವೂ ರಬ್ಬರಿನ ಚಕ್ರವೂ

ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಂಪೆನಿಯು ಸ್ಥಾಪಿತವಾದ ಕಾಲದಲ್ಲಿ ರೈತರು ಕಬ್ಬನ್ನು ಎತ್ತಿನ ಗಾಡಿಗಳಲ್ಲಿ ಹೇರುತ್ತಿದ್ದರು. ಆ ಗಾಡಿಯ ಚಕ್ರವು ಮರದ್ದು, ಅದರ ಸುತ್ತ ಕಬ್ಬಿಣದ ಪಟ್ಟೆ. ಆ ಚಕ್ರವನ್ನು ಪರೀಕ್ಷಿಸಲು ಯಾವ ವಿದ್ಯೆಯೂ ಬೇಕಾಗಿರಲಿಲ್ಲ. ಪಟ್ಟೆ ಸಡಿಲವಾದರೆ ಸದ್ದಾಗುತ್ತಿತ್ತು. ಅರಗಳು ಒಣಗಿ ಕುಗ್ಗಿದರೆ ಚಕ್ರ ಕಿರುಗುಟ್ಟುತ್ತಿತ್ತು. ಕಡೆಗೀಲು ಸವೆದಿದ್ದರೆ ಗಾಡಿ ಹೂಡುವ ಹುಡುಗನ ಕೈಗೇ ಗೊತ್ತಾಗುತ್ತಿತ್ತು. ಊರಿನ ಬಡಗಿ ಮತ್ತು ಕಮ್ಮಾರರ ಕಣ್ಣಿನ ಮುಂದೆಯೇ ಆ ಚಕ್ರ ಹುಟ್ಟುತ್ತಿತ್ತು, ಅವರ ಕೈಯಲ್ಲಿಯೇ ರಿಪೇರಿಯಾಗುತ್ತಿತ್ತು. ದೋಷವು ತಾನಾಗಿಯೇ ಕೂಗಿ ಹೇಳಿಕೊಳ್ಳುತ್ತಿದ್ದುದರಿಂದ ಯಜಮಾನನು ಅದನ್ನು ಹುಡುಕಬೇಕಾಗಿರಲಿಲ್ಲ.

ಗಾಳಿ ತುಂಬಿದ ರಬ್ಬರಿನ ಟೈರಿನ ಸ್ವಭಾವ ಬೇರೆ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ರೂಢಿಗೆ ತಂದ ಈ ಉಪಾಯವು ಇಂದು ಹತ್ತಾರು ಟನ್ನುಗಳನ್ನು ಹೊರುವಂತಾಗಿದೆ. ಅದರಿಂದ ರಸ್ತೆಗೂ ಎಳೆಯುವ ಯಂತ್ರಕ್ಕೂ ಆಗಿರುವ ಉಪಕಾರ ಬಹಳ. ಆದರೆ ಭಾರವನ್ನು ಹೊರತಕ್ಕದ್ದು ರಬ್ಬರಲ್ಲ, ಒಳಗಿನ ಗಾಳಿ. ರಬ್ಬರೂ ಅದರೊಳಗಿನ ನೂಲಿನ ಅಥವಾ ಉಕ್ಕಿನ ಪದರಗಳೂ ಆ ಗಾಳಿಯನ್ನು ಬಿಗಿಹಿಡಿದಿರುವ ಚೀಲ ಮಾತ್ರ. ಚೀಲದ ಪದರಗಳು ಒಳಗೊಳಗೇ ಬಿಟ್ಟುಕೊಳ್ಳಬಹುದು. ಬಿಸಿಲಿಗೆ ರಬ್ಬರು ತನ್ನ ಮೆತುತನವನ್ನು ಕಳೆದುಕೊಳ್ಳಬಹುದು. ಹೊರಗಿನಿಂದ ನೋಡುವವರಿಗೆ ಹಲ್ಲುಗಳು ಇನ್ನೂ ದಪ್ಪವಾಗಿಯೇ ಕಾಣುತ್ತಿರುತ್ತವೆ. ಮರದ ಚಕ್ರದಂತೆ ಇದು ಮುಂಚಿತವಾಗಿ ಕಿರುಗುಟ್ಟುವುದಿಲ್ಲ. ಆದಕಾರಣ ಈಗಿನ ಯಜಮಾನನು ತಾನೇ ಹುಡುಕಿ ನೋಡತಕ್ಕ ಅಭ್ಯಾಸವನ್ನು ಮಾಡಿಕೊಳ್ಳಬೇಕಾಗಿದೆ.

ಮೊದಲು ಭಾರ, ಆಮೇಲೆ ಟೈರು

ಟೈರನ್ನು ಆರಿಸುವ ಕೆಲಸವು ಅಂಗಡಿಯಲ್ಲಿ ಆರಂಭವಾಗತಕ್ಕದ್ದಲ್ಲ. ತೂಕದ ಚೀಟಿಯಿಂದ ಆರಂಭವಾಗತಕ್ಕದ್ದು. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಪ್ರತಿಯೊಬ್ಬರ ಮನೆಯಲ್ಲಿಯೂ ಹಿಂದಿನ ಹಂಗಾಮಿನ ತೂಕದ ಚೀಟಿಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಅತ್ಯಂತ ಹೆಚ್ಚು ತೂಕವಿರುವ ಚೀಟಿಯನ್ನು ತೆಗೆದುಕೊಳ್ಳಬೇಕು. ಟ್ರ್ಯಾಕ್ಟರನ್ನೂ ಟ್ರೈಲರನ್ನೂ ಒಟ್ಟಿಗೆ ತೂಗಿದ್ದರೆ ಟ್ರ್ಯಾಕ್ಟರಿನ ತೂಕವನ್ನು ಕಳೆಯಬೇಕು. ಉಳಿದುದು ಟ್ರೈಲರಿನ ಸ್ವಂತ ತೂಕವೂ ಹೊರೆಯ ತೂಕವೂ ಸೇರಿದ ಮೊತ್ತ. ಅದನ್ನು ಟೈರುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದು ಟೈರಿನ ಪಾಲು ಸಿಕ್ಕುತ್ತದೆ.

ಒಂದು ಉದಾಹರಣೆಯನ್ನು ಕೊಡುತ್ತೇನೆ. ನಾಲ್ಕು ಟೈರುಗಳ ಟ್ರೈಲರಿನ ಸ್ವಂತ ತೂಕ 2 ಟನ್ನು, ಹೊರೆ 8 ಟನ್ನು ಎಂದಿಟ್ಟುಕೊಳ್ಳೋಣ. ಒಟ್ಟು 10,000 ಕಿಲೋಗ್ರಾಂ. ಒಂದು ಟೈರಿನ ಪಾಲಿಗೆ 2,500 ಕಿಲೋಗ್ರಾಂ. ಆದರೆ ಕಬ್ಬಿನ ಹೊರೆಯು ನಾಲ್ಕು ಮೂಲೆಗಳಿಗೂ ಎಂದಿಗೂ ಸಮನಾಗಿ ಹಂಚಿರುವುದಿಲ್ಲ. ರಸ್ತೆ ಒಂದು ಕಡೆಗೆ ವಾಲಿದಾಗ ಆ ಕಡೆಯ ಟೈರುಗಳ ಮೇಲೆ ಭಾರ ಹೆಚ್ಚುತ್ತದೆ. ಗುಂಡಿಗೆ ಇಳಿದಾಗ ಇನ್ನೂ ಹೆಚ್ಚುತ್ತದೆ. ಆದುದರಿಂದ ಲೆಕ್ಕಕ್ಕೆ ಬಂದುದರ ಮೇಲೆ ಐದನೆಯ ಒಂದು ಪಾಲನ್ನಾದರೂ ಸೇರಿಸಿ, 3,000 ಕಿಲೋಗ್ರಾಂ ಹೊರುವ ಟೈರನ್ನು ಕೊಳ್ಳುವುದು ವಿವೇಕ. ಎರಡು ಚಕ್ರಗಳ ಟ್ರೈಲರಿನಲ್ಲಿ ಭಾರದ ಸ್ವಲ್ಪ ಪಾಲು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಬೀಳುವುದು ನಿಜ. ಆದರೂ ಉಳಿದುದೆಲ್ಲವೂ ಎರಡೇ ಟೈರುಗಳ ಮೇಲೆ ಬೀಳುವುದರಿಂದ ಅಲ್ಲಿ ಎಚ್ಚರಿಕೆ ಮತ್ತಷ್ಟು ಬೇಕು.

ಅದೇ ಟ್ರೈಲರಿಗೆ 12 ಟನ್ನು ಹೇರಿದರೆ ಒಟ್ಟು 14 ಟನ್ನಾಯಿತು. ಒಂದು ಟೈರಿನ ಪಾಲು 3,500 ಕಿಲೋಗ್ರಾಂ. ಇಲ್ಲಿ ಅನೇಕರು ಇನ್ನೂ ದೊಡ್ಡ ಟೈರನ್ನು ಹುಡುಕಲು ಹೋಗುತ್ತಾರೆ. ಅದು ತಪ್ಪು ದಾರಿ. ದೊಡ್ಡ ಟೈರು ಹಾಕಿದ ಮಾತ್ರಕ್ಕೆ ಅಚ್ಚು, ಬೇರಿಂಗು, ಕೊಂಡಿ ಮತ್ತು ಟ್ರ್ಯಾಕ್ಟರಿನ ಬ್ರೇಕುಗಳ ಶಕ್ತಿ ಹೆಚ್ಚುವುದಿಲ್ಲ. ಇದಕ್ಕೆ ಮದ್ದು ಹೊರೆಯನ್ನು ಇಳಿಸುವುದೊಂದೇ. ನೋಂದಣಿ ಪತ್ರದಲ್ಲಿ ಕಾಣಿಸಿರುವ ಭಾರವನ್ನು ಮೀರಿದರೆ ಕಾನೂನಿನ ಭಯವೂ ಉಂಟು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಮೇರೆಗೆ ಹೆಚ್ಚು ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿಯೊಂದು ಹೆಚ್ಚುವರಿ ಟನ್ನಿಗೂ 2,000 ರೂಪಾಯಿ ದಂಡವನ್ನು ಗೊತ್ತುಮಾಡಲಾಗಿದೆ.

ಟೈರಿನ ಪಕ್ಕೆಯ ಬರಹವನ್ನು ಓದುವ ಕ್ರಮ

ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಅಕ್ಷರಗಳೂ ಅಂಕೆಗಳೂ ಅಲಂಕಾರಕ್ಕಾಗಿ ಇರತಕ್ಕವಲ್ಲ. ಹೊಲದ ಪಹಣಿಯನ್ನು ಓದಲು ಬಲ್ಲವರಿಗೆ ಇವನ್ನು ಓದುವುದು ಕಷ್ಟವಲ್ಲ.

ಮೊದಲನೆಯದು ಗಾತ್ರ. 9.00-20 ಎಂದಿದ್ದರೆ ಟೈರಿನ ಅಗಲವು ಸುಮಾರು 9 ಅಂಗುಲವೆಂದೂ, ಅದು ಕುಳಿತುಕೊಳ್ಳುವ ರಿಮ್ಮಿನ ಅಡ್ಡಳತೆ 20 ಅಂಗುಲವೆಂದೂ ಅರ್ಥ. ನಮ್ಮ ಟ್ರೈಲರುಗಳಲ್ಲಿ 7.50-16, 9.00-16, 9.00-20 ಮತ್ತು 10.00-20 ಗಾತ್ರಗಳು ಸಾಧಾರಣವಾಗಿ ಬಳಕೆಯಲ್ಲಿವೆ. ಅಂಕೆಗಳ ನಡುವೆ ಅಡ್ಡಗೀಟಿನ ಬದಲು ಇಂಗ್ಲಿಷಿನ 'ಆರ್' ಅಕ್ಷರವಿದ್ದರೆ ಅದು ರೇಡಿಯಲ್ ಜಾತಿಯ ಟೈರು. ಒಂದೇ ಅಚ್ಚಿನಲ್ಲಿ ಒಂದು ಕಡೆ ರೇಡಿಯಲ್ಲನ್ನೂ ಮತ್ತೊಂದು ಕಡೆ ಸಾಧಾರಣ ಜಾತಿಯನ್ನೂ ಹಾಕಬಾರದು. ಅವುಗಳು ಬಾಗುವ ರೀತಿ ಬೇರೆ ಬೇರೆಯಾದ್ದರಿಂದ ಟ್ರೈಲರು ಒಂದು ಕಡೆಗೆ ಎಳೆಯುತ್ತದೆ.

ಎರಡನೆಯದು ಪ್ಲೈ ಎಂಬ ಅಂಕೆ. 16 ಪ್ಲೈ ಎಂದರೆ ಒಳಗೆ ಹದಿನಾರು ಪದರಗಳಿವೆಯೆಂದು ಅನೇಕರು ತಿಳಿದಿದ್ದಾರೆ. ಹಿಂದೆ ಹತ್ತಿಯ ನೂಲಿನ ಪದರಗಳಿದ್ದ ಕಾಲದಲ್ಲಿ ಅದು ನಿಜವಾಗಿತ್ತು. ಈಗ ಅದು ಬಲವನ್ನು ಸೂಚಿಸುವ ಅಂಕೆ ಮಾತ್ರ; ಪದರಗಳನ್ನು ಎಣಿಸಿದ ಲೆಕ್ಕವಲ್ಲ.

ಮೂರನೆಯದು, ಎಲ್ಲಕ್ಕಿಂತಲೂ ಮುಖ್ಯವಾದುದು, ಭಾರದ ಸೂಚ್ಯಂಕ. ಇದು ಕಿಲೋಗ್ರಾಮಿನ ಅಂಕೆಯಲ್ಲ, ಒಂದು ಗೊತ್ತಾದ ಪಟ್ಟಿಯ ಸಂಖ್ಯೆ. 120 ಎಂದರೆ 1,400 ಕಿಲೋಗ್ರಾಂ; 130 ಎಂದರೆ 1,900; 140 ಎಂದರೆ 2,500; 146 ಎಂದರೆ 3,000; 150 ಎಂದರೆ 3,350. ಮೇಲೆ ಕೊಟ್ಟ ಉದಾಹರಣೆಯ ಟ್ರೈಲರಿಗೆ 140 ಕನಿಷ್ಠ, 146 ಯೋಗ್ಯ. 14 ಟನ್ನು ತೂಗುವ ಟ್ರೈಲರಿಗಾದರೋ 150 ಕೂಡ ಸಾಲದು. ಕೆಲವು ಟೈರುಗಳಲ್ಲಿ 146/143 ಎಂಬಂತೆ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಒಂಟಿಯಾಗಿ ಹಾಕಿದಾಗ ಹೊರುವ ಭಾರಕ್ಕೆ, ಎರಡನೆಯದು ಜೋಡಿಯಾಗಿ ಹಾಕಿದಾಗ ಒಂದೊಂದು ಟೈರೂ ಹೊರುವ ಭಾರಕ್ಕೆ ಸಂಬಂಧಿಸಿದ್ದು. ಜೋಡಿಯಲ್ಲಿ ಭಾರವು ಯಾವಾಗಲೂ ಸರಿಸಮನಾಗಿ ಹಂಚುವುದಿಲ್ಲವಾದ್ದರಿಂದ ಎರಡನೆಯ ಅಂಕೆ ಕಡಿಮೆಯಾಗಿರುತ್ತದೆ.

ನಾಲ್ಕನೆಯದು ವೇಗದ ಗುರುತು. 'ಎ8' ಎಂದಿದ್ದರೆ ಗಂಟೆಗೆ 40 ಕಿಲೋಮೀಟರ್, 'ಬಿ' ಎಂದಿದ್ದರೆ 50, 'ಡಿ' ಎಂದಿದ್ದರೆ 65, 'ಕೆ' ಎಂದಿದ್ದರೆ 110. ಗದ್ದೆಯ ಉಪಕರಣಗಳಿಗಾಗಿ ಮಾಡಿದ ಟೈರುಗಳು ನಿಧಾನವಾದ ಓಟಕ್ಕೆ ಹೊಂದಿದವು. ಅವುಗಳನ್ನು ಹಾಕಿಕೊಂಡು ಹೆದ್ದಾರಿಯಲ್ಲಿ ದೂರದ ಪೇಟೆಗೆ ಓಡಿಸಿದರೆ ಒಡಲು ಕಾದು ಕೆಡುತ್ತದೆ. ಟ್ರ್ಯಾಕ್ಟರಿನ ಮುಂದಿನ ಚಕ್ರದ ಟೈರನ್ನು ಟ್ರೈಲರಿಗೆ ಹಾಕುವ ಅಭ್ಯಾಸವನ್ನಂತೂ ಪೂರ್ತಿಯಾಗಿ ಬಿಡಬೇಕು. ಅದು ಹೊಲದಲ್ಲಿ ದಿಕ್ಕು ತಿರುಗಿಸುವುದಕ್ಕೆ ಮಾಡಿದುದೇ ವಿನಾ ಹೊರೆ ಹೊರುವುದಕ್ಕಲ್ಲ.

ಐದನೆಯದು ಹುಟ್ಟಿದ ಕಾಲ. ಪಕ್ಕೆಯಲ್ಲಿ ಒಂದು ಉದ್ದನೆಯ ಗುರುತಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಟೈರನ್ನು ಎಂದು ಕೊಂಡಿರೆಂಬುದಕ್ಕಿಂತ ಅದು ಎಂದು ತಯಾರಾಯಿತೆಂಬುದು ಮುಖ್ಯ. ಇದಲ್ಲದೆ, ಲಾರಿ ಮೊದಲಾದ ವಾಣಿಜ್ಯ ವಾಹನಗಳ ಟೈರುಗಳಿಗೆ ಭಾರತೀಯ ಮಾನಕ ಸಂಸ್ಥೆಯ 15636ನೆಯ ಸಂಖ್ಯೆಯ ಮಾನಕವಿದೆ. ಆ ಜಾತಿಯ ಟೈರನ್ನು ಕೊಳ್ಳುವಾಗ ಐ.ಎಸ್.ಐ. ಮುದ್ರೆಯನ್ನು ನೋಡಿಯೇ ಕೊಳ್ಳಬೇಕು.

ಲಾರಿಯವರು ಬಿಟ್ಟ ಟೈರುಗಳು

ಲಾರಿಯ ಮಾಲಿಕನು ಟೈರನ್ನು ಕಳಚುವುದು ಅದು ಇನ್ನು ತನಗೆ ನಂಬಿಕೆಗೆ ಯೋಗ್ಯವಲ್ಲವೆಂದು ತಿಳಿದ ಮೇಲೆ. ಅಂತಹುದನ್ನು ನಾವು ಹಣಕೊಟ್ಟು ತಂದು, ಹಳ್ಳದಿಣ್ಣೆಗಳ ಬಂಡಿಜಾಡಿನಲ್ಲಿ ಹೆಚ್ಚು ಭಾರಕ್ಕೆ ಹೂಡುತ್ತೇವೆ. ಮೇಲಿನ ಮೈಗೆ ಹೊಸ ರಬ್ಬರನ್ನು ಅಂಟಿಸಿದ ಟೈರುಗಳ ವಿಚಾರವನ್ನೂ ಇಲ್ಲಿ ಹೇಳಬೇಕು. ಒಳ್ಳೆಯ ಒಡಲಿಗೆ ಬಲ್ಲವರು ಶ್ರದ್ಧೆಯಿಂದ ಮಾಡಿದ ಮರುಮೈಯನ್ನು ನಾನು ಹಳಿಯುವುದಿಲ್ಲ. ದೊಡ್ಡ ದೊಡ್ಡ ಸಾರಿಗೆಯವರೂ ಅದನ್ನು ಬಳಸುತ್ತಾರೆ. ಆದರೆ ಹೊಸ ಮೈಯಿಂದ ಒಡಲಿನ ವಯಸ್ಸು ಕಡಿಮೆಯಾಗುವುದಿಲ್ಲ. ಆದುದರಿಂದ ಹಲ್ಲುಗಳನ್ನು ನೋಡಿ ಮೋಸಹೋಗದೆ ಪಕ್ಕೆಯ ನಾಲ್ಕು ಅಂಕೆಗಳನ್ನು ಓದಬೇಕು.

ಟ್ರೈಲರಿನ ಟೈರು ಸವೆದು ಸಾಯುವುದಕ್ಕಿಂತ ಹೆಚ್ಚಾಗಿ ಮುದಿಯಾಗಿ ಸಾಯುತ್ತದೆ. ವರ್ಷದಲ್ಲಿ ನಾಲ್ಕೈದು ತಿಂಗಳು ದುಡಿದು, ಉಳಿದ ಕಾಲವೆಲ್ಲ ಕಣದ ಬದಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತಿರುವುದೇ ಅದಕ್ಕೆ ಕಾರಣ. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಹತ್ತು ವರ್ಷ ತುಂಬಿದುದನ್ನು ನೋಟಕ್ಕೆ ಚೆನ್ನಾಗಿದ್ದರೂ ತೆಗೆದುಹಾಕಬೇಕೆಂದೂ ಕೆಲವು ತಯಾರಕರು ಹೇಳುತ್ತಾರೆ. ನಮ್ಮ ಬಿಸಿಲನ್ನೂ ನಮ್ಮ ರಸ್ತೆಗಳನ್ನೂ ನೋಡಿದರೆ, ಏಳು ವರ್ಷ ದಾಟಿದ ಟೈರಿನ ಮೇಲೆ ತುಂಬಿದ ಹೊರೆಯನ್ನು ಇಡಬಾರದೆಂಬುದು ನನ್ನ ಅಭಿಪ್ರಾಯ. ಪಕ್ಕೆಯಲ್ಲಿ ಉಬ್ಬು ಕಂಡುಬಂದರೆ, ನೂಲು ಅಥವಾ ತಂತಿ ಹೊರಗೆ ಕಾಣಿಸಿದರೆ, ಬಿರುಕಿಗೆ ಉಗುರು ಇಳಿದರೆ, ಆ ಟೈರಿಗೆ ಒಂದು ವರ್ಷವೇ ಆಗಿರಲಿ, ಅದನ್ನು ತೆಗೆಯತಕ್ಕದ್ದೇ.

ರಿಮ್ಮು, ಬೋಲ್ಟು, ನಟ್ಟುಗಳು

ಒಳ್ಳೆಯ ಟೈರನ್ನು ಕೆಟ್ಟ ಚಕ್ರಕ್ಕೆ ಹಾಕುವುದು ಹೊಸ ನೀರನ್ನು ಒಡೆದ ಕೊಡಕ್ಕೆ ತುಂಬಿದಂತೆ. ಪ್ರತಿಯೊಂದು ಟೈರಿಗೂ ಗೊತ್ತಾದ ಅಗಲದ ರಿಮ್ಮು ಉಂಟು. 9.00-20 ಟೈರಿಗೆ 7 ಅಂಗುಲ ಅಗಲದ ರಿಮ್ಮೂ, 10.00-20 ಟೈರಿಗೆ 7.5 ಅಂಗುಲದ್ದೂ ವಾಡಿಕೆಯವು. ಇರುವ ರಿಮ್ಮಿಗೆ ಹೇಗೋ ಕೂರಿಸಿಬಿಡುವುದರಿಂದ ಟೈರಿನ ಅಂಚು ಕಚ್ಚಿಕೊಳ್ಳದೆ ತಿರುವಿನಲ್ಲಿ ಜಾರುವ ಅಪಾಯವಿದೆ. ಹೊಸ ಟೈರಿಗೆ ಹೊಸ ಟ್ಯೂಬನ್ನೂ ಹೊಸ ಫ್ಲಾಪನ್ನೂ ಹಾಕಬೇಕು. ಹಿಗ್ಗಿದ ಹಳೆಯ ಟ್ಯೂಬು ಒಳಗೆ ಮಡಿಚಿಕೊಂಡು, ಮಡಿಕೆಯ ಜಾಗದಲ್ಲಿ ಸೀಳುತ್ತದೆ.

ರಿಮ್ಮನ್ನು ಕೊಳ್ಳುವಾಗಲೂ ಹಂಗಾಮಿನ ಮುಂಚೆಯೂ ತೊಳೆದು ನೋಡಬೇಕು. ಬೋಲ್ಟಿನ ರಂಧ್ರದಿಂದ ರಂಧ್ರಕ್ಕೆ ಕೂದಲೆಳೆಯಂತಹ ಬಿರುಕಿದೆಯೆ, ರಂಧ್ರಗಳು ದುಂಡಗಿರದೆ ಮೊಟ್ಟೆಯಾಕಾರಕ್ಕೆ ಸವೆದಿವೆಯೆ, ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದೆಯೆ ಎಂಬುದನ್ನು ಪರೀಕ್ಷಿಸಬೇಕು. ತುಕ್ಕಿನ ಗೆರೆಯೆಂದರೆ ನಟ್ಟು ಸಡಿಲವಾಗಿ ಆಡುತ್ತಿರುವುದರ ಸಾಕ್ಷಿ. ರಸಗೊಬ್ಬರವನ್ನು ಸಾಗಿಸಿದ ಟ್ರೈಲರಿನ ರಿಮ್ಮುಗಳಿಗೆ ಉಪ್ಪಿನಂಶ ಅಂಟಿ ಬೇಗ ತುಕ್ಕು ಹಿಡಿಯುವುದರಿಂದ, ಆ ಕೆಲಸವಾದ ದಿನವೇ ನೀರಿನಿಂದ ತೊಳೆಯಿಸತಕ್ಕದ್ದು. ಬಿರುಕು ಬಿಟ್ಟ ರಿಮ್ಮನ್ನು ಬೆಸುಗೆ ಹಾಕಿಸಿ ಮೇಲೆ ಬಣ್ಣ ಬಳಿಯುವುದು ರೋಗವನ್ನು ಬಟ್ಟೆಯಿಂದ ಮುಚ್ಚಿದ ಹಾಗೆ. ರಿಮ್ಮು ಗುಂಬಕ್ಕೆ ತಾಗುವ ಮುಖಕ್ಕೂ ನಟ್ಟು ಕೂರುವ ಜಾಗಕ್ಕೂ ದಪ್ಪನಾಗಿ ಬಣ್ಣ ಬಳಿಯಬಾರದು. ಬಣ್ಣದ ಪದರವು ಓಟದಲ್ಲಿ ಪುಡಿಯಾಗಿ ನಟ್ಟು ತಾನಾಗಿಯೇ ಸಡಿಲವಾಗುತ್ತದೆ.

ನಟ್ಟುಗಳನ್ನು ಸುತ್ತು ಪ್ರಕಾರವಾಗಿ ಬಿಗಿಯದೆ, ಒಂದನ್ನು ಬಿಗಿದ ಮೇಲೆ ಅದರ ಎದುರಿನದನ್ನು ಬಿಗಿಯಬೇಕು. ಚಕ್ರವನ್ನು ಕಳಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದ ತರುವಾಯ ಮತ್ತೊಮ್ಮೆ ಬಿಗಿಯಬೇಕು. ಎಂಟು ಬೋಲ್ಟುಗಳಲ್ಲಿ ಒಂದು ಮುರಿದರೆ ಏಳು ಸಾಕೆಂಬ ಧೈರ್ಯ ಬೇಡ. ಮುರಿದುದರ ಭಾರವನ್ನು ಅಕ್ಕಪಕ್ಕದ ಎರಡು ಹೊತ್ತಿರುತ್ತವೆಯಾದ್ದರಿಂದ ಆ ಮೂರನ್ನೂ ಬದಲಾಯಿಸತಕ್ಕದ್ದು.

ಇನ್ನೊಂದು ಅಪಾಯವನ್ನು ವಿಶೇಷವಾಗಿ ತಿಳಿಸಬೇಕಾಗಿದೆ. 20 ಅಂಗುಲದ ರಿಮ್ಮುಗಳಲ್ಲಿ ಅನೇಕವು ಒಂದೇ ತುಂಡಾಗಿರುವುದಿಲ್ಲ. ಟೈರನ್ನು ಹಿಡಿದಿಡಲು ಒಂದು ಉಕ್ಕಿನ ಬಳೆಯನ್ನು ಕೂರಿಸಿರುತ್ತಾರೆ. ಇದಕ್ಕೆ ಲಾಕ್ ರಿಂಗ್ ಎಂದು ಹೆಸರು. ಇದು ಸರಿಯಾಗಿ ಕೂರದಿದ್ದಾಗ ಗಾಳಿ ತುಂಬಿದರೆ ಗುಂಡಿನ ವೇಗದಿಂದ ಹಾರಿ ಎದುರಿನಲ್ಲಿರುವವರ ಪ್ರಾಣವನ್ನು ತೆಗೆಯಬಲ್ಲದು. ಗಾಳಿ ತುಂಬುವ ಕೆಲಸವನ್ನು ಕಬ್ಬಿಣದ ಪಂಜರವಿರುವ ಅಂಗಡಿಯಲ್ಲಿಯೇ ಮಾಡಿಸಬೇಕು. ಉದ್ದನೆಯ ಕೊಳವೆಯಿಂದ ತುಂಬಬೇಕು. ಯಾರೂ ಬಳೆಯ ಎದುರಿಗೆ ನಿಲ್ಲಬಾರದು. ಚಕ್ರವನ್ನು ಬಿಚ್ಚುವ ಮುಂಚೆ ಗಾಳಿಯನ್ನು ಪೂರ್ತಿಯಾಗಿ ಬಿಟ್ಟಿರಬೇಕು. ಗಾಳಿಯಿಲ್ಲದೆ ಸ್ವಲ್ಪ ದೂರ ಓಡಿದ ಟೈರಿಗೆ, ಬಿಚ್ಚಿ ಒಳಗನ್ನು ನೋಡದೆ ಮತ್ತೆ ಗಾಳಿ ತುಂಬಕೂಡದು. ಈ ಕೆಲಸಕ್ಕೆ ಮನೆಯ ಮಕ್ಕಳನ್ನು ಕಳುಹಿಸಬಾರದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಗಾಳಿಯ ಒತ್ತಡ

ಭಾರವನ್ನು ಹೊರುವುದು ಗಾಳಿಯೆಂದು ಮೊದಲೇ ಹೇಳಿದೆನು. ಗಾಳಿ ಕಡಿಮೆಯಾದರೆ ಪಕ್ಕೆಯು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಪದರಗಳ ಅಂಟು ಬಿಡುತ್ತದೆ. ಹಗಲಿನ ಬಿಸಿಲಿನಲ್ಲಿ ದೂರದ ಕಾರ್ಖಾನೆಗೆ ಹೋಗುವಾಗ ಟೈರು ಸಿಡಿಯುವುದಕ್ಕೆ ಇದು ಬಹು ಸಾಮಾನ್ಯವಾದ ಕಾರಣ. ಹೊರೆ ಹೆಚ್ಚೆಂದು ಗೊತ್ತುಮಾಡಿದ ಒತ್ತಡಕ್ಕಿಂತ ಹೆಚ್ಚು ತುಂಬುವುದೂ ತಪ್ಪೇ. ಆಗ ಒಂದು ಕಲ್ಲಿನ ಪೆಟ್ಟಿಗೂ ಟೈರು ಒಡೆಯುತ್ತದೆ. ಕಾಲಿನಿಂದ ಒದ್ದು ಅಥವಾ ಸುತ್ತಿಗೆಯಿಂದ ಬಡಿದು ಒತ್ತಡವನ್ನು ತಿಳಿಯುವುದು ಸಾಧ್ಯವಿಲ್ಲ. ಅಳತೆಯ ಸಾಧನವನ್ನೇ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯಬೇಕು. ಓಡಿ ಬಂದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಅದನ್ನು ಕಂಡು ಗಾಳಿ ಬಿಡಬಾರದು.

ಕೆಲವು ಆಕ್ಷೇಪಣೆಗಳು

"ಟ್ರ್ಯಾಕ್ಟರು ನಿಧಾನವಾಗಿ ಹೋಗುವುದಲ್ಲವೆ, ಇಷ್ಟೆಲ್ಲ ಏತಕ್ಕೆ?" ಎಂದು ಕೇಳುವವರುಂಟು. ಈ ಮಾತಿನಲ್ಲಿ ಸ್ವಲ್ಪ ನಿಜಾಂಶವಿದೆ. ವೇಗ ಕಡಿಮೆಯಾದಾಗ ಟೈರು ಕಡಿಮೆ ಕಾಯುತ್ತದೆ. ತಯಾರಕರೂ ನಿಧಾನವಾದ ಓಟಕ್ಕೆ ಸ್ವಲ್ಪ ಹೆಚ್ಚು ಭಾರವನ್ನು ಒಪ್ಪುತ್ತಾರೆ. ಆದರೆ ಆ ರಿಯಾಯಿತಿಯು ಒಳ್ಳೆಯ ಟೈರಿಗೆ ಸಲ್ಲತಕ್ಕದ್ದು, ಬಿರುಕು ಬಿಟ್ಟುದಕ್ಕಲ್ಲ. ಮೇಲಾಗಿ ಎತ್ತರವಾಗಿ ಹೇರಿದ ಕಬ್ಬಿನ ಟ್ರೈಲರು ಮಗುಚುವುದಕ್ಕೆ ವೇಗವೇ ಬೇಕಾಗಿಲ್ಲ. ನಾನು ಕಂಡ ಟ್ರೈಲರು ನಡೆಯುವ ಮನುಷ್ಯನಿಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿತ್ತು.

"ವರ್ಷಕ್ಕೆ ನಾಲ್ಕು ತಿಂಗಳ ಕೆಲಸಕ್ಕೆ ಹೊಸ ಟೈರಿನ ಬೆಲೆಯನ್ನು ತೆರುವುದು ದುಂದಲ್ಲವೆ?" ಎಂಬುದು ಎರಡನೆಯ ಆಕ್ಷೇಪಣೆ. ಸಣ್ಣ ಹಿಡುವಳಿದಾರರ ಕಷ್ಟವನ್ನು ನಾನು ಬಲ್ಲೆನು. ನಾಲ್ಕು ಹೊಸ ಟೈರುಗಳ ಬೆಲೆ ಅವರಿಗೆ ದೊಡ್ಡ ಮೊಬಲಗೇ ಸರಿ. ಅಂತಹವರು ಒಂದು ಹಂಗಾಮಿಗೆ ಒಂದು ಅಚ್ಚಿನ ಎರಡು ಟೈರುಗಳನ್ನು ಬದಲಾಯಿಸಿ, ಬರುವ ಹಂಗಾಮಿಗೆ ಇನ್ನೆರಡನ್ನು ಬದಲಾಯಿಸಬಹುದು. ಅಲ್ಲಿಯವರೆಗೆ ಹೊರೆಯನ್ನು ಹಳೆಯ ಟೈರುಗಳ ಶಕ್ತಿಗೆ ತಕ್ಕಂತೆ ಇಳಿಸಬೇಕು. ಕೆಲಸವಿಲ್ಲದ ತಿಂಗಳುಗಳಲ್ಲಿ ಅಚ್ಚಿನ ಕೆಳಗೆ ಕಲ್ಲು ಅಥವಾ ಮರದ ದಿಮ್ಮಿಯನ್ನು ಕೊಟ್ಟು, ಟೈರುಗಳಿಗೆ ಗೋಣಿತಟ್ಟನ್ನು ಮುಚ್ಚಿ ನೆರಳಿನಲ್ಲಿ ನಿಲ್ಲಿಸಿದರೆ ಅವುಗಳ ಆಯುಷ್ಯ ಹೆಚ್ಚುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

"ನೋಡಿಕೊಳ್ಳಬೇಕಾದವನು ಚಾಲಕ" ಎಂಬುದು ಮೂರನೆಯದು. ಇದನ್ನು ನಾನು ಒಪ್ಪಲಾರೆನು. ದಿನಗೂಲಿಯ ಚಾಲಕನು ಟೈರು ಕೆಟ್ಟಿದೆಯೆಂದು ಹೇಳಿದರೆ ಮಾರನೆಯ ದಿನ ಅವನ ಜಾಗಕ್ಕೆ ಇನ್ನೊಬ್ಬನು ಬರುತ್ತಾನೆ. ಹಣದ ಚೀಲ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ. ಸರ್ಕಾರದ ಸಂಬಳ ತಿನ್ನುವ ನಾನೇ ಯಜಮಾನರ ಎದುರಿಗೆ ಬಾಯಿ ತೆರೆಯಲಿಲ್ಲವೆಂದ ಮೇಲೆ, ಆ ಬಡವನು ಹೇಗೆ ತೆರೆದಾನು?

ಗ್ರಾಮದ ಮುಖಂಡರಲ್ಲಿ ಬಿನ್ನಹ

ಒಬ್ಬರು ಮಾತ್ರ ಎಚ್ಚರಗೊಂಡರೆ ಸಾಲದು. ಇಡೀ ಊರಿನ ಟ್ರೈಲರುಗಳೂ ಒಂದೇ ಏರಿಯ ಮೇಲೆ ಒಂದರ ಹಿಂದೆ ಒಂದು ಓಡುತ್ತವೆ. ಆದಕಾರಣ ಗ್ರಾಮದ ಮುಖಂಡರು ಪ್ರತಿ ವರ್ಷ ಕಟಾವಿಗೆ ಹದಿನೈದು ದಿನ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಊರಿನ ಸಮಸ್ತ ಟ್ರೈಲರುಗಳನ್ನೂ ಒಂದೆಡೆ ಸೇರಿಸಿ ನೋಡುವ ಪದ್ಧತಿಯನ್ನು ಆರಂಭಿಸಬೇಕೆಂದು ಪ್ರಾರ್ಥಿಸುತ್ತೇನೆ. ಆಯುಧಪೂಜೆಯ ದಿನ ಟ್ರ್ಯಾಕ್ಟರುಗಳನ್ನು ತೊಳೆದು ಸಾಲಾಗಿ ನಿಲ್ಲಿಸುವುದು ರೂಢಿಯಲ್ಲಿಯೇ ಇದೆ. ಕುಂಬಳಕಾಯಿ ಒಡೆಯುವುದಕ್ಕೆ ಮುಂಚೆ ಒಂದು ಗಳಿಗೆ ಬಗ್ಗಿ ಚಕ್ರಗಳನ್ನು ನೋಡಿದರೆ ಆ ಪೂಜೆಗೆ ಕುಂದೇನೂ ಬಾರದು. ಆಗ ನೋಡತಕ್ಕ ಅಂಶಗಳು ಇವು:

1. ಟೈರಿನ ಭಾರದ ಸೂಚ್ಯಂಕವು ಹಿಂದಿನ ಹಂಗಾಮಿನ ಅತಿ ಹೆಚ್ಚಿನ ತೂಕದ ಚೀಟಿಗೆ ಸಾಲುತ್ತದೆಯೆ?

2. ತಯಾರಾದ ವರ್ಷ ಯಾವುದು? ಪಕ್ಕೆಯಲ್ಲಿ ಬಿರುಕು, ಉಬ್ಬು, ಹೊರಬಂದ ನೂಲು ಇವೆಯೆ?

3. ಹಲ್ಲಿನ ಆಳವು 1.6 ಮಿಲಿಮೀಟರಿಗಿಂತ ಕಡಿಮೆಯಾಗಿದೆಯೆ? ಲಾರಿ, ಕಾರುಗಳಿಗೆ ಕಾನೂನು ಒಪ್ಪುವ ಕಡೆಯ ಮಿತಿ ಇಷ್ಟೇ.

4. ಒಂದು ಅಚ್ಚಿನ ಟೈರುಗಳೆಲ್ಲವೂ ಒಂದೇ ಗಾತ್ರದವೂ ಒಂದೇ ಜಾತಿಯವೂ ಆಗಿವೆಯೆ? ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೆ?

5. ರಿಮ್ಮಿನಲ್ಲಿ ಬಿರುಕು, ಬೆಸುಗೆ, ನಟ್ಟಿನ ಬುಡದಲ್ಲಿ ತುಕ್ಕಿನ ಗೆರೆ ಇವೆಯೆ? ಬೋಲ್ಟುಗಳು ಪೂರ್ತಿ ಇವೆಯೆ?

6. ಚಕ್ರವನ್ನು ನೆಲದಿಂದ ಎತ್ತಿ ಅಲುಗಿಸಿದಾಗ ಬೇರಿಂಗು ಸಡಿಲವಾಗಿ ಆಡುತ್ತದೆಯೆ? ಗ್ರೀಸು ಹೊಸದೆ?

7. ತಣ್ಣಗಿರುವಾಗ ಗಾಳಿಯ ಒತ್ತಡ ಎಷ್ಟು?

ಒತ್ತಡವನ್ನು ಅಳೆಯುವ ಒಂದು ಸಾಧನವನ್ನೂ, ನಟ್ಟು ಬಿಗಿಯುವ ಒಂದು ಒಳ್ಳೆಯ ಸ್ಪ್ಯಾನರನ್ನೂ ಗ್ರಾಮದ ಸಹಕಾರ ಸಂಘದಲ್ಲಿ ಇಟ್ಟರೆ ಎಲ್ಲರಿಗೂ ಒದಗುತ್ತವೆ. ಪರೀಕ್ಷೆಯಲ್ಲಿ ಕೆಟ್ಟುದೆಂದು ಕಂಡ ಟ್ರೈಲರು ಮುಖಂಡರದೇ ಆಗಿದ್ದರೆ, ಅದನ್ನು ಮೊದಲು ಸರಿಪಡಿಸುವುದರಿಂದ ಉಳಿದವರಿಗೆ ಬುದ್ಧಿ ಹೇಳುವ ಕೆಲಸ ಸುಲಭವಾಗುತ್ತದೆ. ಟೈರು ಎಷ್ಟೇ ಹೊಸದಾಗಿರಲಿ, ತುಂಬಿದ ಹೊರೆಯ ಮೇಲೆ ಆಳುಗಳನ್ನು ಕೂರಿಸಿ ಕಳುಹಿಸುವುದನ್ನು ಅದೇ ದಿನದಿಂದ ನಿಲ್ಲಿಸಬೇಕು.

ನಾನು ಹೇಳಿದ ಗ್ರಾಮಕ್ಕೆ ಈ ವರ್ಷವೂ ಹೋಗಿದ್ದೆನು. ಅದೇ ಯಜಮಾನರು ತಮ್ಮ ಟ್ರೈಲರಿನ ನಾಲ್ಕು ಟೈರುಗಳನ್ನೂ ಬದಲಾಯಿಸಿದ್ದರು. ಹೊಸ ಟೈರುಗಳನ್ನು ತೋರಿಸುವಾಗ ಅವರ ಮಾತಿನಲ್ಲಿ ಹೆಮ್ಮೆಯೇನೂ ಇರಲಿಲ್ಲ. "ಆ ದಿನ ನೀವೂ ನೋಡಿದ್ದಿರಂತೆ" ಎಂದಷ್ಟೇ ಕೇಳಿದರು. "ಹೌದು, ನೋಡಿದ್ದೆನು" ಎಂದೆನು. ಊಟಕ್ಕೆ ಮೊದಲು ಇಬ್ಬರೂ ಟ್ರೈಲರಿನ ಸುತ್ತ ಒಂದು ಸಾರಿ ನಡೆದು ನಟ್ಟುಗಳನ್ನು ನೋಡಿದೆವು. ಎರಡು ಸಡಿಲವಾಗಿದ್ದವು, ಅವರೇ ಕುಳಿತು ಬಿಗಿದರು.

ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರು, ಎಲ್. ಎಜಿ.